ಕಣಜ, ಜೇನು ಮತ್ತು ಕಸುಬಿನ ಗುರುತು

ಮನೆಯ ಸೂರಿನಡಿಯಲ್ಲೋ ಕಿಟಕಿಯ ಸಜ್ಜಾದ ಮೂಲೆಯಲ್ಲೋ ಗೂಡೊಂದು ಕಂಡರೆ ನಾವು ಕೇಳುವ ಮೊದಲ ಪ್ರಶ್ನೆ ‘ಕಚ್ಚುತ್ತದೆಯೇ?’ ಎಂಬುದು. ಎರಡನೆಯ ಪ್ರಶ್ನೆಗೆ ಸಾಮಾನ್ಯವಾಗಿ ಪುರಸೊತ್ತಿರುವುದಿಲ್ಲ. ಅಷ್ಟರಲ್ಲಿ ಸೀಮೆಎಣ್ಣೆಯ ಪಂಜೋ ಕೀಟನಾಶಕದ ಡಬ್ಬಿಯೋ ಬಂದಾಗಿರುತ್ತದೆ. ಆ ಗೂಡು ಹೆಜ್ಜೇನಿನದೋ, ಕಾಗದದಂಥ ಪದರದಿಂದ ಗೂಡು ಕಟ್ಟುವ ಕಣಜದ್ದೋ, ಯಾರ ಗೊಡವೆಗೂ ಹೋಗದ ಕುಂಬಾರ ಹುಳದ್ದೋ ಎಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಗುರುತು ಹಿಡಿಯುವುದು ತಜ್ಞರ ಕೆಲಸ ಎಂಬ ಭಾವನೆ ಇದಕ್ಕೊಂದು ಕಾರಣ. ಇದಕ್ಕಿಂತ ದೊಡ್ಡ ಕಾರಣವೆಂದರೆ, ಗುರುತು ಹಿಡಿಯಲು ಹೊರಟವರೂ ಎಲ್ಲಕ್ಕಿಂತ ಮೊದಲು ಬಣ್ಣವನ್ನು ನೋಡುತ್ತಾರೆ, ಬಣ್ಣ ಅವರನ್ನು ದಾರಿ ತಪ್ಪಿಸುತ್ತದೆ. ಕಣಜ ಮತ್ತು ಜೇನುಗಳ ವಿಷಯದಲ್ಲಿ ಮೈಬಣ್ಣಕ್ಕಿಂತ ಕಸುಬು ನಂಬಲರ್ಹವಾದ ಗುರುತು ಎಂಬುದು ಈ ಲೇಖನದ ವಾದ. ಹುಳ ಏನನ್ನು ಹೊತ್ತು ತರುತ್ತದೆ, ಯಾವುದರಿಂದ ಕಟ್ಟುತ್ತದೆ, ಮರಿಗೆ ಏನು ಉಣಿಸುತ್ತದೆ ಎಂದು ನೋಡಿದರೆ ಅದರ ಬಳಗ ಬಹುಮಟ್ಟಿಗೆ ಗೊತ್ತಾಗುತ್ತದೆ. ಗೊತ್ತಾಗದ ಕಡೆಯೂ, ಏಕೆ ಗೊತ್ತಾಗುತ್ತಿಲ್ಲ ಎಂಬುದಾದರೂ ತಿಳಿಯುತ್ತದೆ.

ಹಳದಿ-ಕಪ್ಪು ಪಟ್ಟೆ ಕಂಡರೆ ಕಣಜ ಎನ್ನುವುದು ರೂಢಿ. ಆದರೆ ಆ ಪಟ್ಟೆ ವಂಶದ ಗುರುತಲ್ಲ. ಹಕ್ಕಿಗಳಿಗೂ ಓತಿಗಳಿಗೂ ತೋರಿಸುವ ಎಚ್ಚರಿಕೆ. ಅಮೆಜಾನ್ ಕಾಡಿನ ಚಿಟ್ಟೆಗಳನ್ನು ಮುಂದಿಟ್ಟುಕೊಂಡು ಹೆನ್ರಿ ಬೇಟ್ಸ್ 1862ರಲ್ಲಿ, ತಿನ್ನಲು ಯೋಗ್ಯವಾದ ಕೀಟ ತಿನ್ನಲಾಗದ ಕೀಟದ ವೇಷ ಹಾಕುತ್ತದೆ ಎಂದು ವಿವರಿಸಿದ. ಫ್ರಿಟ್ಜ್ ಮ್ಯುಲರ್ 1870ರ ದಶಕದ ಕೊನೆಯಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಿದ: ನಿಜವಾಗಿಯೂ ಅಪಾಯಕಾರಿಯಾದ ಕೀಟಗಳು ಒಂದೇ ವೇಷ ಹಂಚಿಕೊಂಡರೆ ಎಲ್ಲಕ್ಕೂ ಲಾಭ, ಏಕೆಂದರೆ ಒಂದರಿಂದ ಪಾಠ ಕಲಿತ ಹಕ್ಕಿ ಉಳಿದವನ್ನೂ ಬಿಟ್ಟುಬಿಡುತ್ತದೆ. ನಮ್ಮ ಹಿತ್ತಿಲಲ್ಲಿ ಈ ಎರಡೂ ನಡೆಯುತ್ತಿವೆ. ಹೂವಿನ ಮುಂದೆ ಗಾಳಿಯಲ್ಲಿ ಅಲ್ಲಾಡದೆ ನಿಂತು, ತಟ್ಟನೆ ಪಕ್ಕಕ್ಕೆ ಸರಿದು ಮತ್ತೆ ನಿಲ್ಲುವ ಪಟ್ಟೆಯ ಹುಳ ಹೆಚ್ಚಾಗಿ ಜೇನೂ ಅಲ್ಲ, ಕಣಜವೂ ಅಲ್ಲ, ಅದು ಹೂನೊಣ. ಅದಕ್ಕೆ ನಾಲ್ಕರ ಬದಲು ಎರಡೇ ರೆಕ್ಕೆ, ಮೀಸೆ ತೀರ ಮೊಟಕು, ತಲೆಯ ತುಂಬ ಕಣ್ಣು, ಕೊಂಡಿಯಂತೂ ಇಲ್ಲವೇ ಇಲ್ಲ. ಇನ್ನು ಹಾರ್ನೆಟ್ ಎಂದು ಕರೆಯುವ ದೊಡ್ಡ ಕಣಜಗಳಲ್ಲಿ ವೆಸ್ಪಾ ಟ್ರಾಪಿಕಾ, ವೆಸ್ಪಾ ಅಫಿನಿಸ್ ಎರಡಕ್ಕೂ ಕಪ್ಪು ಹೊಟ್ಟೆಯ ಮೇಲೆ ಒಂದೇ ಅಗಲವಾದ ಹಳದಿ-ಕಿತ್ತಳೆ ಪಟ್ಟಿ. ಪ್ರಭೇದ ಎರಡು, ಅಂಗಿ ಒಂದೇ. ತಿರುಗುಮುರುಗಾದ ಉದಾಹರಣೆಯೂ ಉಂಟು. ಮರ ಕೊರೆದು ಗೂಡು ಮಾಡುವ ಬಡಗಿ ದುಂಬಿಗಳ ಕೆಲವು ಪ್ರಭೇದಗಳಲ್ಲಿ ಹೆಣ್ಣು ಕಪ್ಪು ಮೈಯದು, ಎದೆಗೆ ಮಾತ್ರ ಹಳದಿ ರೋಮ. ಗಂಡಿಗೆ ಮೈಯೆಲ್ಲ ಹಳದಿ. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಬಣ್ಣ ನೋಡಿ ಹೇಳೆಂದರೆ ಯಾರಾದರೂ ಎರಡು ಜಾತಿ ಎಂದೇ ಹೇಳುತ್ತಾರೆ. ಬೇರೆಬೇರೆಯವನ್ನು ಒಂದು ಮಾಡುವ, ಒಂದೇ ಆದದ್ದನ್ನು ಎರಡು ಮಾಡುವ ಲಕ್ಷಣವನ್ನು ಆಧಾರವಾಗಿ ಹಿಡಿದರೆ ಗುರುತು ತಪ್ಪದೆ ಇನ್ನೇನಾದೀತು?

ಇದಕ್ಕಿಂತ ಆಳದ ತೊಡಕೊಂದಿದೆ. ‘ಜೇನೋ ಕಣಜವೋ’ ಎಂದು ಕೇಳುವಾಗ ಇವು ಎದುರುಬದುರು ನಿಂತ ಎರಡು ಗುಂಪುಗಳೆಂದು ನಾವು ಭಾವಿಸಿರುತ್ತೇವೆ. ವಂಶಾವಳಿ ಹಾಗಿಲ್ಲ. ಸುಮಾರು 12 ಕೋಟಿ ವರ್ಷಗಳ ಹಿಂದೆ, ಹೂ ಬಿಡುವ ಸಸ್ಯಗಳು ಹಬ್ಬುತ್ತಿದ್ದ ಕಾಲದಲ್ಲಿ, ಬೇಟೆಯಾಡುವ ಕಣಜಗಳ ಒಂದು ಕವಲು ಮರಿಗಳಿಗೆ ಮಾಂಸದ ಬದಲು ಪರಾಗ ಉಣಿಸತೊಡಗಿತು. ಇಂದಿನ ಎಲ್ಲ ಜೇನುಗಳೂ ಆ ಕವಲಿನ ಸಂತಾನ. ಆಲದ ಮರದ ಒಂದು ಕೊಂಬೆಗೆ ಜೇನೆಂದು ಹೆಸರಿಟ್ಟು, ಉಳಿದ ಇಡೀ ಮರವನ್ನು ಕಣಜ ಎಂದಂತಾಗಿದೆ ನಮ್ಮ ವಿಂಗಡಣೆ. ಆದ್ದರಿಂದ ‘ಎಲ್ಲ ಕಣಜಗಳೂ ಹೀಗಿರುತ್ತವೆ’ ಎಂಬ ಯಾವ ನಿಯಮವೂ ಪೂರ್ತಿ ನಿಲ್ಲುವುದಿಲ್ಲ. ಜೇನಿನ ಬಗ್ಗೆ ಮಾತ್ರ ನಿಯಮ ಹೇಳಬಹುದು, ಏಕೆಂದರೆ ಆ ಕೊಂಬೆಗೆ ಒಂದು ನಿರ್ದಿಷ್ಟ ಆರಂಭವಿದೆ, ಆ ಆರಂಭ ಊಟದ ಬದಲಾವಣೆಯಲ್ಲಿದೆ. ಜಗತ್ತಿನಲ್ಲಿ ಈಗ ಹೆಸರಿಸಿರುವ ಜೇನು ಪ್ರಭೇದಗಳು 20,000ಕ್ಕೂ ಹೆಚ್ಚು, ಭಾರತದಲ್ಲಿ 700ಕ್ಕೂ ಹೆಚ್ಚು. ಇವುಗಳಲ್ಲಿ ನಮಗೆ ಜೇನುತುಪ್ಪ ಕೊಡುವವು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಬಾಳುತ್ತವೆ, ರಾಣಿಯಿಲ್ಲ, ಕೆಲಸಗಾರರಿಲ್ಲ, ತುಪ್ಪದ ಸಂಗ್ರಹವೂ ಇಲ್ಲ. ಆದರೆ ಪರಾಗ ಒಯ್ಯುವ ಕೆಲಸ ಬಹುತೇಕ ಎಲ್ಲಕ್ಕೂ ಇದ್ದೇ ಇದೆ.

ಹೀಗಾಗಿ ನೋಡಬೇಕಾದ್ದು ಹಿಂಗಾಲನ್ನು. ಪೆಟ್ಟಿಗೆಯಲ್ಲಿ ಸಾಕುವ ತುಡುವೆಯ ಹಿಂಗಾಲು ಹೊರಮೈಯಲ್ಲಿ ನುಣುಪಾಗಿ ತುಸು ತಗ್ಗಾಗಿದೆ, ಅಂಚಿಗೆ ಬಾಗಿದ ಕೂದಲ ಸಾಲು. ಮಕರಂದದಲ್ಲಿ ನಾದಿದ ಪರಾಗದ ಉಂಡೆ ಅಲ್ಲಿ ಅಂಟಿ ಕೂರುತ್ತದೆ. ತುಳಸಿ, ಬದನೆ, ಟೊಮೆಟೊ ಹೂಗಳಿಗೆ ಬರುವ ನೀಲಿ ಪಟ್ಟೆಯ ಅಮೆಜಿಲ್ಲಾ ಜೇನು ಪರಾಗವನ್ನು ಒಣದಾಗಿಯೇ ಹಿಂಗಾಲಿನ ದಟ್ಟ ರೋಮಗಳ ನಡುವೆ ತುಂಬಿಕೊಳ್ಳುತ್ತದೆ. ಅದು ಬದನೆ ಹೂವನ್ನು ತಬ್ಬಿ ಹಾರುವ ಸ್ನಾಯುಗಳನ್ನು ಅದುರಿಸಿದಾಗ ಕೇಸರದ ತುದಿಯ ರಂಧ್ರದಿಂದ ಪರಾಗ ಉದುರುತ್ತದೆ. ತುಡುವೆಗೆ ಈ ವಿದ್ಯೆ ಗೊತ್ತಿಲ್ಲ. ಗುಲಾಬಿ ಎಲೆಯ ಅಂಚನ್ನು ದುಂಡಗೆ ಕತ್ತರಿಸಿ ಒಯ್ಯುವ ಮೆಗಾಕೈಲ್ ಜೇನಿನದು ಬೇರೆಯೇ ಏರ್ಪಾಡು: ಅದರ ಕಾಲು ಬರಿದು, ಪರಾಗವೆಲ್ಲ ಹೊಟ್ಟೆಯ ಅಡಿಭಾಗದ ಕುಂಚದಲ್ಲಿ. ಹೂವಿನ ಮೇಲೆ ಹಿಂಬದಿಯನ್ನು ಮೇಲಕ್ಕೆತ್ತಿ ಓಡಾಡುವಾಗ ಅಡಿಯ ಹಳದಿ ಬರಿಗಣ್ಣಿಗೇ ಕಾಣುತ್ತದೆ. ಇದೇ ಹೂವಿಗೆ ಮಕರಂದ ಕುಡಿಯಲು ಬಂದ ಕಣಜದ ಕಾಲು ಸಣಕಲು, ಅಲ್ಲಲ್ಲಿ ಮುಳ್ಳು, ಹೊರೆ ಕಟ್ಟಲು ಜಾಗವೇ ಇಲ್ಲ. ಒಳ್ಳೆಯ ಮಸೂರವಿದ್ದರೆ ಇನ್ನೊಂದನ್ನೂ ನೋಡಬಹುದು: ಜೇನಿನ ರೋಮಗಳಲ್ಲಿ ಕೆಲವಾದರೂ ಕವಲೊಡೆದಿರುತ್ತವೆ, ಕಣಜದ ರೋಮ ಸಾಮಾನ್ಯವಾಗಿ ಒಂಟಿ ಎಳೆ.

ಈ ನಿಯಮವೂ ಸೋರುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಗಂಡು ಜೇನುಗಳು ಪರಾಗ ಒಯ್ಯುವುದಿಲ್ಲ. ಹೈಲಿಯಸ್ ಎಂಬ ಪುಟ್ಟ, ಬೋಳು ಮೈಯ ಜೇನು ಪರಾಗವನ್ನು ನುಂಗಿ ಹೊಟ್ಟೆಯಲ್ಲಿ ಒಯ್ಯುತ್ತದೆ. ನೋಡಲು ಅಪ್ಪಟ ಸಣ್ಣ ಕಣಜ. ನೀಲಿ ಚುಕ್ಕೆಯ ಥೈರಿಯಸ್ ಜೇನು ಕೋಗಿಲೆ ಬುದ್ಧಿಯದು, ಅಮೆಜಿಲ್ಲಾ ಕಷ್ಟಪಟ್ಟು ತುಂಬಿಟ್ಟ ಗೂಡಿನಲ್ಲಿ ತಾನು ಮೊಟ್ಟೆಯಿಟ್ಟು ಹೋಗುತ್ತದೆ, ಹಾಗಾಗಿ ಅದಕ್ಕೆ ಪರಾಗದ ಕುಂಚವೇ ಇಲ್ಲ. ಇತ್ತ ಮೈತುಂಬ ಒರಟು ಕೂದಲಿರುವ ಸ್ಕೋಲಿಯಾ ಬಳಗದ ಕಣಜಗಳಿವೆ, ಮಣ್ಣನ್ನು ಅಗೆದು ಗೊಣ್ಣೆಹುಳ ಹುಡುಕಿ ಅದರ ಮೇಲೆ ಮೊಟ್ಟೆಯಿಡುತ್ತವೆ. ಆದರೆ ಈ ಅಪವಾದಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವು ವಾದವನ್ನು ಕೆಡಿಸುವುದಿಲ್ಲ. ಕುಂಚ ಇಲ್ಲದ ಕಡೆಯಲ್ಲೆಲ್ಲ ಆ ಕೆಲಸವೂ ಇಲ್ಲ, ಇಲ್ಲವೇ ಬೇರೆ ರೀತಿ ನಡೆಯುತ್ತಿದೆ. ಬಣ್ಣದ ಅಪವಾದಗಳಿಗೆ ಹುಳದ ಬದುಕಿನಲ್ಲಿ ಕಾರಣ ಸಿಗುವುದಿಲ್ಲ, ನೋಡುವ ಹಕ್ಕಿಯ ಕಣ್ಣಿನಲ್ಲಿ ಸಿಗುತ್ತದೆ. ಕಸುಬಿನ ಅಪವಾದಗಳಿಗೆ ಕಾರಣ ಹುಳದ ಬದುಕಿನಲ್ಲೇ ಇದೆ.

ಕಣಜಗಳ ಕಡೆ ಬಂದರೆ ಹೊರೆಗಿಂತ ಗೂಡು ಹೆಚ್ಚು ಹೇಳುತ್ತದೆ. ನಾವು ಕುಂಬಾರ ಹುಳ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಕಡಿಮೆಯೆಂದರೂ ಎರಡು ಬೇರೆ ಬಳಗಗಳನ್ನು. ಒಂದು ಗಡಿಗೆಯಾಕಾರದ, ಕಂಠವಿರುವ ಪುಟ್ಟ ಮಣ್ಣಿನ ಗೂಡು ಮಾಡುವ ಡೆಲ್ಟಾ, ಯುಮೆನಿಸ್‌ಗಳ ಬಳಗ. ಇನ್ನೊಂದು, ಗೋಡೆಗೋ ಪುಸ್ತಕದ ಬೆನ್ನಿಗೋ ಕೊಳವೆಗಳನ್ನು ಒತ್ತೊತ್ತಾಗಿ ಮೆತ್ತಿ ಮೇಲೊಂದು ಪದರ ಮಣ್ಣು ಬಳಿಯುವ ಸ್ಕೆಲಿಫ್ರಾನ್. ಎರಡೂ ಕಪ್ಪು-ಹಳದಿ, ಎರಡಕ್ಕೂ ಎಳೆಯಂಥ ಸೊಂಟ. ಕೂತಾಗ ರೆಕ್ಕೆ ನೋಡಬೇಕು: ಡೆಲ್ಟಾ ಬಳಗ ಮುಂರೆಕ್ಕೆಯನ್ನು ಉದ್ದಕ್ಕೆ ಮಡಚಿಕೊಳ್ಳುತ್ತದೆ, ಹಾಗಾಗಿ ರೆಕ್ಕೆ ಕಿರಿದಾದ ಪಟ್ಟಿಯಂತೆ ಕಾಣುತ್ತದೆ, ಸ್ಕೆಲಿಫ್ರಾನ್ ಮಡಚುವುದಿಲ್ಲ. ಒಣಗಿದ ಗೂಡನ್ನು ಒಡೆದು ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಸ್ಕೆಲಿಫ್ರಾನ್ ಕೊಳವೆಯೊಳಗೆ ಸಿಗುವುದು ಜೇಡಗಳು, ಒಂದರ ಮೇಲೊಂದು ತುರುಕಿದವು, ಸತ್ತಿಲ್ಲ, ಅಲ್ಲಾಡಲೂ ಆರವು. ಗಡಿಗೆಯೊಳಗೆ ಸಿಗುವುದು ಎಲೆ ತಿನ್ನುವ ಹಸಿರು ಹುಳಗಳು. ನಮ್ಮಲ್ಲಿ ವೇದಾಂತಿಗಳೂ ವಚನಕಾರರೂ ಬಳಸಿದ ಭ್ರಮರ-ಕೀಟ ನ್ಯಾಯ ಹುಟ್ಟಿದ್ದು ಇಂಥ ಗೂಡಿನಿಂದ: ಹುಳವನ್ನು ತಂದು ಗೂಡಿನಲ್ಲಿಟ್ಟು ಭ್ರಮರ ಸುತ್ತ ಗುಂಯ್‌ಗುಡುತ್ತದೆ, ಅದನ್ನೇ ಧ್ಯಾನಿಸುತ್ತ ಹುಳವೂ ಭ್ರಮರವಾಗುತ್ತದೆ ಎಂಬ ನಂಬಿಕೆ. ಇದನ್ನು ನೋಡಿ ನಗುವ ಅಗತ್ಯವಿಲ್ಲ. ಒಳಗೆ ಹೋದದ್ದು ಹುಳ, ಹೊರಗೆ ಬಂದದ್ದು ಕಣಜ, ಅವೆರಡನ್ನೂ ಅವರು ಸರಿಯಾಗಿಯೇ ಕಂಡಿದ್ದರು. ಹುಳದ ಪಕ್ಕ ಇಟ್ಟ ಮೊಟ್ಟೆಯೊಂದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಆ ಮೊಟ್ಟೆಯೊಡೆದ ಮರಿ ಹಸಿರು ಹುಳವನ್ನು ತಿಂದು, ಗೂಡಿನೊಳಗೇ ಕೋಶಕಟ್ಟಿ, ರೆಕ್ಕೆ ಮೂಡಿ ಹೊರಬರುತ್ತದೆ. ಕೆಲವೊಮ್ಮೆ ಅದೇ ಮಣ್ಣಿನಿಂದ ಹಸಿರು-ನೀಲಿ ಲೋಹದ ಹೊಳಪಿನ ಸ್ಟಿಲ್ಬಂ ಎಂಬ ಮೂರನೆಯದೇ ಕಣಜ ಹೊರಬರುವುದುಂಟು. ಅದು ಕಟ್ಟುವುದನ್ನು ಕಲಿಯದೆ ಕದಿಯುವುದನ್ನು ಕಲಿತದ್ದು. ಗೂಡು ಯಾರದೆಂದು ಹೇಳಿದ ಮಾತ್ರಕ್ಕೆ ಅದರಿಂದ ಬಂದವರು ಯಾರೆಂದು ಹೇಳಿದಂತಾಗುವುದಿಲ್ಲ ಎಂಬ ಎಚ್ಚರಿಕೆ ಇಲ್ಲಿ ಬೇಕು.

ಒಟ್ಟಾಗಿ ಬಾಳುವ ಕಣಜಗಳ ಗೂಡಿನಲ್ಲಿ ಮಣ್ಣಿಲ್ಲ, ಮೇಣವೂ ಇಲ್ಲ. ಮರದ ನಾರನ್ನು ಕೆರೆದು ಜೊಲ್ಲಿನಲ್ಲಿ ಅಗಿದು ಮಾಡಿದ ಬೂದು ಕಾಗದ ಅದು. ಕಾಂಡದಂಥ ಕಡ್ಡಿಯಿಂದ ತೂಗುವ, ಕೋಣೆಗಳು ಬಯಲಿಗೇ ಕಾಣುವ ಸಣ್ಣ ಗೂಡಾದರೆ ರೋಪಲಿಡಿಯಾದಂಥ ಕಣಜ. ಕಾಗದದ ಹೊದಿಕೆಯೊಳಗೆ ಅಂತಸ್ತುಗಳನ್ನು ಮುಚ್ಚಿಟ್ಟ ದೊಡ್ಡ ಗೂಡಾದರೆ ಹಾರ್ನೆಟ್. ರೋಪಲಿಡಿಯಾ ಮಾರ್ಜಿನಾಟಾವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದರು, 2001ರಲ್ಲಿ ಅದರ ಸಾಮಾಜಿಕ ಜೀವನದ ಬಗ್ಗೆಯೇ ಒಂದು ಗ್ರಂಥ ತಂದರು. ಈ ಕಣಜದಲ್ಲಿ ರಾಣಿಗೂ ಕೆಲಸಗಾರರಿಗೂ ರೂಪದಲ್ಲಿ ವ್ಯತ್ಯಾಸವಿಲ್ಲ; ನಡವಳಿಕೆಯಲ್ಲೂ ರಾಣಿ ಸಾಧು, ಯಾರ ಮೇಲೂ ಏರಿ ಹೋಗುವವಳಲ್ಲ. ಅವಳನ್ನು ಗೂಡಿನಿಂದ ತೆಗೆದರೆ ಕೆಲಸಗಾರರಲ್ಲಿ ಒಂದು ತಕ್ಷಣ ಅಬ್ಬರಿಸತೊಡಗುತ್ತದೆ, ಮುಂದಿನ ರಾಣಿ ಅದೇ. ಯಾವುದು ಯಾವುದೆಂದು ಹಿಂಬಾಲಿಸಲು ಸಂಶೋಧಕರು ಒಂದೊಂದು ಕಣಜದ ಮೈಗೂ ಬಣ್ಣದ ಚುಕ್ಕೆ ಇಡಬೇಕಾಯಿತು. ಬಣ್ಣ ಪ್ರಯೋಜನಕ್ಕೆ ಬಂದದ್ದು ನಾವೇ ಹಚ್ಚಿದ ಮೇಲೆ! ಮೊಟ್ಟೆ ಇಡುವವಳು ಯಾರು, ಆಹಾರ ತರುವವರು ಯಾರು ಎಂಬ ಕೆಲಸದ ಹಂಚಿಕೆಯಿಂದಲೇ ಅಲ್ಲಿ ಗುರುತು.

ಜೇನಿನ ವಿಷಯದಲ್ಲಿ ಈ ಪದ್ಧತಿ ಹೊಸದೇನಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕೊಡಗು-ಮೈಸೂರು ಸೀಮೆಯ ಜೇನುಕುರುಬರು, ಸಿರ್ಸಿ-ಭಾಗಮಂಡಲದ ಜೇನು ಸಾಕಣೆದಾರರು ಒಂದು ನೊಣವನ್ನೂ ಕೈಯಲ್ಲಿ ಹಿಡಿಯದೆ ಜೇನಿನ ಬಗೆ ಹೇಳಬಲ್ಲರು. ಬಂಡೆಗೋ ಎತ್ತರದ ಮರಕ್ಕೋ ನೀರಿನ ಟ್ಯಾಂಕಿಗೋ ಬಯಲಲ್ಲಿ ತೂಗಿದ ಒಂದೇ ದೊಡ್ಡ ಎರಿ ಹೆಜ್ಜೇನಿನದು. ಪೊದೆಯ ಕಡ್ಡಿಯನ್ನು ಸುತ್ತಿ ಕಟ್ಟಿದ ಅಂಗೈಯಗಲದ ಒಂಟಿ ಎರಿ ಕೋಲುಜೇನಿನದು, ಕಡ್ಡಿಜೇನು ಎಂದರೂ ಅದೇ. ಮರದ ಪೊಟರೆಯ ಕತ್ತಲಲ್ಲಿ ಸಾಲಾಗಿ ಹಲವು ಎರಿ ಕಟ್ಟುವುದು ತುಡುವೆ, ಪೆಟ್ಟಿಗೆಗೆ ಒಗ್ಗುವುದೂ ಅದಕ್ಕಾಗಿಯೇ. ಗೋಡೆಯ ಬಿರುಕಿನಿಂದ ಅಂಟಿನ ಪುಟ್ಟ ಕೊಳವೆ ಹೊರಚಾಚಿದ್ದರೆ ನಸರಿ, ಮಿಸರಿ, ಮುಜಂಟಿ ಎಂದೆಲ್ಲ ಕರೆಯುವ ಕೊಂಡಿಯಿಲ್ಲದ ಜೇನು. ಒಳಗೆ ಎರಿಯ ಬದಲು ಪುಟ್ಟ ಕುಡಿಕೆಗಳಲ್ಲಿ ತುಪ್ಪ. ಈ ಭೇದ ಬರೀ ಪಾಂಡಿತ್ಯದ ಮಾತಲ್ಲ, ರೋಗವೂ ಬಗೆ ನೋಡಿ ಬರುತ್ತದೆ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತಕ್ಕೆ ಹಬ್ಬಿ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಯುರೋಪಿನ ಮೆಲ್ಲಿಫೆರಾ ಜೇನಿನ ಪೆಟ್ಟಿಗೆಗಳು ಆಮೇಲೆ ಬಯಲುಸೀಮೆಯಲ್ಲಿ ಹೆಚ್ಚಲು ಅದೂ ಒಂದು ಕಾರಣ. ಆದರೂ ಗೂಡಿನ ಗುರುತಿಗೆ ಮಿತಿಯಿದೆ. ಪಶ್ಚಿಮ ಘಟ್ಟದ ಕಪ್ಪು ಬಗೆಯ ತುಡುವೆಯನ್ನು 2022ರಲ್ಲಿ ಕೇರಳದ ಸಂಶೋಧಕರು ಏಪಿಸ್ ಕರಿಂಜೋಡಿಯನ್ ಎಂಬ ಹೊಸ ಪ್ರಭೇದವಾಗಿ ವಿವರಿಸಿದರು. ಭಾರತದ ತುಡುವೆಗೆ ಫ್ಯಾಬ್ರಿಸಿಯಸ್ 1798ರಲ್ಲಿ ಹೆಸರಿಟ್ಟು ಎರಡು ಶತಮಾನ ಕಳೆದ ಮೇಲೆ ಬಂದ ಮಾತಿದು. ಕಪ್ಪೆಂಬುದು ಕರೆಯಲು ಇಟ್ಟ ಹೆಸರು. ಆಧಾರವಾಗಿ ಬಳಸಿದ್ದರಲ್ಲಿ ಮುಖ್ಯವಾದದ್ದು ರೆಕ್ಕೆಯ ನರಗಳ ಅಳತೆ. ಈ ವಿಂಗಡಣೆ ಇನ್ನೂ ಚರ್ಚೆಯಲ್ಲಿದೆ. ಪೊಟರೆಯನ್ನು ನೋಡಿ ಅದನ್ನು ಇತ್ಯರ್ಥ ಮಾಡಲಾಗದು.

ಇಲ್ಲಿಯೇ ಎರಡು ಆಕ್ಷೇಪಗಳು ಏಳುತ್ತವೆ. ಒಂದು, ಕೊನೆಗೂ ಸೂಕ್ಷ್ಮದರ್ಶಕವೇ ಬೇಕೆಂದಾದರೆ ಸಾಮಾನ್ಯರು ಏಕೆ ತಲೆ ಕೆಡಿಸಿಕೊಳ್ಳಬೇಕು? ಇನ್ನೊಂದು, ಫೋಟೊ ತೆಗೆದರೆ ಮೊಬೈಲ್ ಆ್ಯಪ್ ಹೆಸರು ಹೇಳುತ್ತದಲ್ಲ? ಮೊದಲನೆಯದಕ್ಕೆ ಉತ್ತರ, ಪ್ರಭೇದದ ಹೆಸರು ಗುರುತಿನ ಒಂದು ಮಟ್ಟ ಮಾತ್ರ. ಸಜ್ಜಾದ ಕೆಳಗಿನ ಗೂಡನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಅದು ಕುಂಬಾರ ಹುಳ ಎಂದು ತಿಳಿದರೆ ಸಾಕು, ಯಾವ ಕುಂಬಾರ ಎಂಬುದು ಬೇಕಿಲ್ಲ. ಎರಡನೆಯದರಲ್ಲಿ ಅರ್ಧ ಸತ್ಯವಿದೆ. ಅಮೆಜಿಲ್ಲಾದಂಥ ಎದ್ದುಕಾಣುವ ಹುಳವನ್ನು ಆ್ಯಪ್ ಚೆನ್ನಾಗಿಯೇ ಹಿಡಿಯುತ್ತದೆ. ಅಕ್ಕಿಕಾಳಿನಷ್ಟಿರುವ ಕಪ್ಪು ಸೆರಾಟಿನಾ, ಹ್ಯಾಲಿಕ್ಟಸ್ ಜೇನುಗಳ ಮುಂದೆ ತಡವರಿಸುತ್ತದೆ, ಏಕೆಂದರೆ ಅದಕ್ಕೆ ನಾವು ಕೊಡುವುದು ಬೆನ್ನಿನ ಮೇಲಿನಿಂದ ತೆಗೆದ ಬಣ್ಣದ ಚಿತ್ರ. ಅದರ ಹಿಂದಿರುವ ಮನುಷ್ಯ ತಜ್ಞರಿಗೂ ಆಧಾರ ತೆಳುವಾಗಿಯೇ ಇದೆ: ಭಾರತದ ಕಣಜ ಮತ್ತು ಜೇನುಗಳನ್ನು ಒಟ್ಟಿಗೆ ತಂದ ಚಾರ್ಲ್ಸ್ ಬಿಂಗ್‌ಹ್ಯಾಮ್‌ನ ಸಂಪುಟ 1897ರದು, ಇಂದಿಗೂ ಅನೇಕ ಬಳಗಗಳ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಇಂಗ್ಲಿಷ್ ಮಕ್ಕಳ ಪುಸ್ತಕ ಓದಿ ಬೆಳೆದವರು ನಮ್ಮ ಬಡಗಿ ದುಂಬಿಯನ್ನು ‘ಬಂಬಲ್‌ಬೀ’ ಎನ್ನುವುದೂ ಚಿತ್ರ ನೋಡಿ ಹೆಸರಿಡುವ ಅಭ್ಯಾಸದ ಫಲವೇ. ಬಂಬಲ್‌ಬೀಗಳು ಭಾರತದಲ್ಲಿ ಹಿಮಾಲಯದ ಆಸುಪಾಸಿನವು, ಕರ್ನಾಟಕದಲ್ಲಿಲ್ಲ. ಹಳೆಯ ತೊಲೆಯಲ್ಲಿ ಬೆರಳು ಹೋಗುವಷ್ಟು ದುಂಡು ತೂತು, ಕೆಳಗೆ ಮರದ ಹುಡಿ ಕಂಡರೆ ಚಿತ್ರದ ಹಂಗಿಲ್ಲದೆ ಬಡಗಿ ದುಂಬಿ ಎನ್ನಬಹುದು. ಆ್ಯಪ್‌ಗೂ ಹಿಂಗಾಲಿನ, ಹೊಟ್ಟೆಯಡಿಯ, ಗೂಡಿನ ಚಿತ್ರ ಕೊಟ್ಟರೆ ಅದನ್ನು ಪರಿಶೀಲಿಸುವ ತಜ್ಞರಿಗೆ ಹಿಡಿತ ಸಿಗುತ್ತದೆ.

ಕಚ್ಚಿದ ಮೇಲೆ ಎಲ್ಲ ಒಂದೇ ಎನ್ನುವವರ ಮಾತೂ ಇದೆ. ಚಿಕಿತ್ಸೆಯ ಮಟ್ಟಿಗೆ ಅದು ಬಹುಪಾಲು ನಿಜ: ಉಸಿರು ಕಟ್ಟಿ, ಮೈ ದದ್ದರಿಸಿ, ರಕ್ತದೊತ್ತಡ ಕುಸಿದರೆ ಬೇಕಾದ್ದು ಅಡ್ರಿನಲಿನ್ ಚುಚ್ಚುಮದ್ದು, ಹುಳದ ಹೆಸರಲ್ಲ. ಜೇನಿನ ವಿಷ ಆಮ್ಲ, ಕಣಜದ್ದು ಕ್ಷಾರ, ಆದ್ದರಿಂದ ಒಂದಕ್ಕೆ ಸುಣ್ಣ ಇನ್ನೊಂದಕ್ಕೆ ಹುಳಿ ಎಂಬ ಲೆಕ್ಕಾಚಾರವಂತೂ ನಿಲ್ಲುವುದಿಲ್ಲ; ನೋವು ಕೊಡುವುದು ವಿಷದಲ್ಲಿರುವ ಮೆಲಿಟಿನ್‌ನಂಥ ವಸ್ತುಗಳು, ಅವು ಚರ್ಮದೊಳಗೆ ಹೋಗಿಯಾದ ಮೇಲೆ ಹೊರಗಿನ ಸುಣ್ಣಕ್ಕೆ ಎಟುಕುವುದಿಲ್ಲ. ಆದರೆ ಕಚ್ಚುವುದಕ್ಕೆ ಮೊದಲು ಗುರುತು ಬಹಳ ಮುಖ್ಯ. ಕೊಂಡಿ ಇರುವುದು ಹೆಣ್ಣುಗಳಿಗೆ ಮಾತ್ರ. ಮುಖದ ಮುಂದೆ ಬಂದು ಹೆದರಿಸುವ ಗಂಡು ಬಡಗಿ ದುಂಬಿ ಏನೂ ಮಾಡಲಾರದು. ಕುಂಬಾರ ಹುಳ ಗೂಡಿಗಾಗಿ ಹೋರಾಡುವುದಿಲ್ಲ. ರೋಪಲಿಡಿಯಾ ಗೂಡು ಮುಟ್ಟಿದರೆ ಮಾತ್ರ ಕೆಲವು ಬಂದು ಚುಚ್ಚುತ್ತವೆ. ಹೆಜ್ಜೇನು ಒಂದು ಚುಚ್ಚಿ ಕೊಂಡಿಯನ್ನು ಚರ್ಮದಲ್ಲಿ ಬಿಟ್ಟಾಗ ಹೊರಡುವ ವಾಸನೆ ಉಳಿದವನ್ನು ಕರೆತರುತ್ತದೆ, ಅಪಾಯವಿರುವುದು ಆ ಸಂಖ್ಯೆಯಲ್ಲಿ. ಹೆಜ್ಜೇನಿನ ಭಯವನ್ನು ಮಣ್ಣಿನ ಗೂಡಿನ ಮೇಲೆ ತೀರಿಸುವುದು, ಕುಂಬಾರ ಹುಳದ ಸಲಿಗೆಯನ್ನು ಹೆಜ್ಜೇನಿನ ಎರಿಯ ಕೆಳಗೆ ತೋರಿಸುವುದು, ಎರಡೂ ಒಂದೇ ಅಜ್ಞಾನದ ಫಲ.

ಇಷ್ಟಾದರೂ ಕಣಜಗಳ ಬಹುದೊಡ್ಡ ಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅತ್ತಿಯ ಕಾಯಿಯೊಳಗೆ ಹೊಕ್ಕು ಪರಾಗಸ್ಪರ್ಶ ಮಾಡುವ ಕಣಜ, ಕಬ್ಬಿನ ಗದ್ದೆಯಲ್ಲಿ ಕಾಂಡಕೊರಕದ ಮೊಟ್ಟೆಯೊಳಗೆ ಮೊಟ್ಟೆಯಿಡಲೆಂದು ಕಾರ್ಡುಗಳಲ್ಲಿ ಅಂಟಿಸಿ ಕೊಡುವ ಟ್ರೈಕೋಗ್ರಾಮಾ, ಕಾಳುಮೆಣಸಿನ ಬಳ್ಳಿಗೆ ಆಸರೆಯಾದ ಹಾಲುವಾಣದ ಎಲೆಗಳನ್ನು ಗಂಟುಗಂಟಾಗಿಸಿದ ಹೊರಗಿನಿಂದ ಬಂದ ಕಣಜ, ಎಲ್ಲವೂ ಒಂದೆರಡು ಮಿಲಿಮೀಟರಿನೊಳಗಿನವು. ಇವುಗಳಲ್ಲಿ ಹೆಸರು ತಪ್ಪಿದರೆ ಕೆಲಸವೇ ಕೆಡುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯದ ಹಿಟ್ಟುತಿಗಣೆ ಕರ್ನಾಟಕದ ಪಪ್ಪಾಯ, ಹಿಪ್ಪುನೇರಳೆ ತೋಟಗಳಿಗೂ ಹಬ್ಬಿದಾಗ, 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಪ್ರಭೇದದ ಪರಾವಲಂಬಿ ಕಣಜಗಳನ್ನು ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಗೆ ತರಿಸಿ ಬಿಡುಗಡೆ ಮಾಡಲಾಯಿತು. ಅವುಗಳಲ್ಲಿ ಅಸಿರೋಫೇಗಸ್ ಪಪಾಯೆ ಚೆನ್ನಾಗಿ ನೆಲೆಯೂರಿತು, ಹಿಟ್ಟುತಿಗಣೆ ಹತೋಟಿಗೆ ಬಂತು. ಯಾವ ತಿಗಣೆಗೆ ಯಾವ ಕಣಜ ಎಂಬುದನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸದೆ ಇದು ಆಗುತ್ತಿರಲಿಲ್ಲ, ಯಾವ ರೈತನೂ ಬರಿಗಣ್ಣಿನಲ್ಲಿ ಅದನ್ನು ಹೇಳಲಾರ. ಆದರೆ ಕಣಜ ತನ್ನ ತೋಟದಲ್ಲಿ ಇದೆಯೋ ಇಲ್ಲವೋ ಎಂದು ಅವನೂ ಹೇಳಬಲ್ಲ. ಎಲೆ ತಿರುಗಿಸಿ ನೋಡಿದಾಗ ಬಿಳಿ ಹಿಟ್ಟಿನ ನಡುವೆ ಕೆಲವು ತಿಗಣೆಗಳು ಉಬ್ಬಿ ಕಂದಾಗಿ ಗಟ್ಟಿಯಾಗಿದ್ದು, ಒಂದು ತುದಿಗೆ ದುಂಡು ತೂತಿದ್ದರೆ ಒಳಗೆ ಬೆಳೆದ ಕಣಜ ಹೊರಬಿದ್ದಿದೆ. ಅಂಥ ಎಲೆಗಳು ಸಿಕ್ಕ ತೋಟಕ್ಕೆ ಔಷಧಿ ಹೊಡೆದರೆ ಮೊದಲು ಸಾಯುವುದು ಕಣಜ. ಮೇಣದ ಹಿಟ್ಟಿನಡಿ ಅಡಗಿದ ತಿಗಣೆಗಳಲ್ಲಿ ಕೆಲವಾದರೂ ಉಳಿದು ಮತ್ತೆ ಹೆಚ್ಚುತ್ತವೆ.